ಹಸಿರು ತೋಟದಲ್ಲಿ ಹಸಿರು ಲಂಗದ ಹುಡುಗಿ

ಮಲೆನಾಡಿನ ಕಥೆಗೆ ಚಿತ್ರ ಬರೆಯುತ್ತಿದ್ದೀರಿ, ನಾಯಕಿ ಆರು ವರ್ಷದವಳು. ಮಕ್ಕಳಿಗೆ ಗಾಢ ಬಣ್ಣ ಇಷ್ಟ, ಎಲ್ಲವನ್ನೂ ಗಾಢವಾಗಿಯೇ ತುಂಬಬೇಕೇ ಎಂದು ಕೇಳಿದ್ದೀರಿ. ಬೇಡ. ಆ ತಪ್ಪನ್ನು ನಾನು ಮಾಡಿ ಮುಗಿಸಿದ್ದೇನೆ.

ನಾನಿರುವುದು ಸಾಗರದ ಹತ್ತಿರ. ಮೊದಲ ಪುಸ್ತಕದಲ್ಲಿ ಅಡಿಕೆ ತೋಟ, ಗದ್ದೆ, ಪಾಗಾರದ ಪಾಚಿ ಎಲ್ಲಕ್ಕೂ ಮನಸಾರೆ ಹಸಿರು ಬಳಿದು, ನಡುವೆ ಹಸಿರು ಲಂಗದ ಹುಡುಗಿಯನ್ನು ನಿಲ್ಲಿಸಿದ್ದೆ. ಪಕ್ಕದ ಮನೆಯ ನಾಲ್ಕು ವರ್ಷದ ಪೋರ ಹಾಳೆಯ ಮೇಲೆಲ್ಲ ಬೆರಳಾಡಿಸಿದ. ಕೊನೆಗೆ ಬೆರಳು ನಿಂತದ್ದು ಮೂಲೆಯ ಕೆಂಪು ಪ್ಲಾಸ್ಟಿಕ್ ಕೊಡದ ಮೇಲೆ. "ಇದರ ಕಥೆಯೇ?" ಎಂದ. ಅವನ ಲೆಕ್ಕ ಸರಿಯಾಗಿತ್ತು. ಓದಲು ಬಾರದವರಿಗೆ ಪುಟದಲ್ಲಿ ಬೇರೆಯಾಗಿ ಕಂಡದ್ದೇ ಪಾತ್ರ.

ಕೊಡದ ಕೆಂಪನ್ನು ಲಂಗಕ್ಕೆ ಕೊಟ್ಟೆ. ಜಾತ್ರೆಯ ಪುಟದಲ್ಲಿ ಹೊಸ ಬಟ್ಟೆ ಇರಲೆಂದು ಅವಳಿಗೆ ನೀಲಿ ಫ್ರಾಕ್ ತೊಡಿಸಿದರೆ, "ಇವಳು ಅವಳ ಅಕ್ಕನೇ?" ಎಂಬ ಪ್ರಶ್ನೆ ಬಂತು. ಈಗ ಬಟ್ಟೆ ಏನೇ ಬದಲಾದರೂ ಜಡೆಯ ಕೆಂಪು ರಿಬ್ಬನ್ ಬದಲಾಗುವುದಿಲ್ಲ. ಆ ಕೆಂಪನ್ನು ಇನ್ನಾರಿಗೂ ಕೊಡುವುದಿಲ್ಲ, ದಾಸವಾಳಕ್ಕೂ ಇಲ್ಲ. ಮಕ್ಕಳ ಚಿತ್ರಪುಸ್ತಕಗಳ ಲೇಖಕ, ಕಲಾವಿದ ಲಿಯೊ ಲಿಯೊನಿ 1959ರಲ್ಲಿ ನೀಲಿ ಕಾಗದದ ಒಂದು ಚೂರನ್ನೂ ಹಳದಿಯ ಒಂದು ಚೂರನ್ನೂ ಗೆಳೆಯರನ್ನಾಗಿ ಮಾಡಿ ಇಡೀ ಪುಸ್ತಕ ಹೆಣೆದರು. ಕಣ್ಣಿಲ್ಲ, ಮೂಗಿಲ್ಲ. ಇಬ್ಬರೂ ಅಪ್ಪಿಕೊಂಡು ಹಸಿರಾದಾಗ ಹೆತ್ತವರಿಗೇ ಗುರುತು ಸಿಗುವುದಿಲ್ಲ!

ಬಣ್ಣ ಬೇರೆಯಾದರೆ ಸಾಲದು, ತಿಳಿ-ಗಾಢದ ಅಂತರವೂ ಬೇಕು. ಚಿತ್ರದ ಫೋಟೋ ತೆಗೆದು ಮೊಬೈಲಿನಲ್ಲಿ ಕಪ್ಪು-ಬಿಳುಪು ಮಾಡಿ ನೋಡಿ. ನನ್ನ ಕೆಂಪು ಲಂಗ, ಹಸಿರು ತೋಟ ಎರಡೂ ಒಂದೇ ಬೂದು ಬಣ್ಣವಾಗಿ ಕಲಸಿಹೋಗಿದ್ದವು. ಕೆಂಪು-ಹಸಿರು ಬಿಡಿಸಿ ಕಾಣಲಾಗದ ಮಕ್ಕಳಿರುತ್ತಾರೆ, ಅವರಿಗೆ ಈ ಅಂತರವೇ ಗತಿ. ನಾನು ತೋಟದ ಹಿಂದೆ ಆಷಾಢದ ಮಂಜು ಇಳಿಸಿದೆ. ನಮ್ಮ ಕಡೆ ಅದಕ್ಕೇನು ಬರವೇ? ಮರಗಳು ತೆಳುವಾದವು, ಹುಡುಗಿ ಮುಂದೆ ಬಂದಳು.

ಎಷ್ಟು ಬಣ್ಣ ಸಾಕು ಎಂಬುದಕ್ಕೆ ನಮ್ಮ ಕಡೆಯ ದೀವರ ಸಮುದಾಯದ ಮನೆಗಳಲ್ಲಿ ಮದುವೆಗೆ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರವನ್ನು ಒಮ್ಮೆ ಹತ್ತಿರದಿಂದ ನೋಡಿ. ಕೆಮ್ಮಣ್ಣು ಸಾರಿಸಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ನಾಲ್ಕೇ ಬಣ್ಣದಲ್ಲಿ ಇಡೀ ಮದುವೆ ಗೋಡೆಗೆ ಇಳಿಯುತ್ತದೆ. ಬಣ್ಣದ ಪೆಟ್ಟಿಗೆ ದೊಡ್ಡದಾದಷ್ಟೂ ನನ್ನ ಕೈ ಕೆಟ್ಟಿದೆ ಎನ್ನಬೇಕು.

ಕಂಪ್ಯೂಟರಿನಲ್ಲಿ ಬರೆಯುವುದಾದರೆ ಇನ್ನೊಂದು ಮಾತು. ಪರದೆಯ ಬಣ್ಣ ಬೆಳಕಿನದು, ಮುದ್ರಣದ್ದು ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳದು. ಭತ್ತದ ಸಸಿ ಬೆಳೆಸುವ ಅಗೆ ಮಡಿಯ ಆ ಹೊಳೆಯುವ ಎಳೆ ಹಸಿರು ಕಾಗದಕ್ಕೆ ಹಾಗೆಯೇ ಇಳಿಯುವುದಿಲ್ಲ. ಮೊದಲು ಒಂದು ಪುಟದ ಪ್ರೂಫ್, ಅಂದರೆ ಮಾದರಿ ಮುದ್ರಣ, ತೆಗೆಸಿ. ನಾನು ಹಣ ಉಳಿಸಲು ಹೋಗಿ ತೆಗೆಸಲಿಲ್ಲ; ಗದ್ದೆ ಬೇಯಿಸಿದ ಬಸಳೆಯ ಬಣ್ಣಕ್ಕೆ ಬಂತು. ಆ ಪ್ರತಿಗಳು ಇನ್ನೂ ನಮ್ಮ ಅಟ್ಟದಲ್ಲಿವೆ.