ಏಳಕ್ಕೆ ಮುಗಿಯದ ಟೈಟ್ರೇಷನ್

ಪ್ರಶ್ನೆ: 25 ಮಿಲಿ ಅಸಿಟಿಕ್ ಆಮ್ಲಕ್ಕೆ ಬ್ಯುರೆಟ್‌ನಿಂದ ಸೋಡಿಯಂ ಹೈಡ್ರಾಕ್ಸೈಡ್ ಬಿಡುತ್ತಾ ಪಿಎಚ್ ಅಳೆದು ಗ್ರಾಫ್ ಬರೆದೆ. ಎರಡರ ಸಾಂದ್ರತೆಯೂ 0.1 ಮೋಲಾರ್. ರೇಖೆ ಕಡಿದಾಗಿ ಏರುವಲ್ಲಿ ನಡುಬಿಂದು 8.7ರ ಸುಮಾರಿಗೆ ಬರುತ್ತಿದೆ. ತಟಸ್ಥವಾದರೆ ಪಿಎಚ್ 7 ಇರಬೇಕಲ್ಲವೇ? ಮೀಟರ್ ಕೆಟ್ಟಿದೆಯೇ? ಮೀಟರ್ ಬದಲು ಬಣ್ಣ ಬದಲಿಸಿ ಸೂಚನೆ ಕೊಡುವ ಮೀಥೈಲ್ ಆರೆಂಜ್ ಬಳಸಬಹುದೇ?
— ಒಬ್ಬ ಪದವಿ ವಿದ್ಯಾರ್ಥಿನಿ

ಉತ್ತರ: ಪಾಪ, ಮೀಟರನ್ನು ಬಯ್ಯಬೇಡಿ. 25 ಮಿಲಿ ಕ್ಷಾರ ಬಿದ್ದಾಗ ಆಮ್ಲ ಮುಗಿದಿರುತ್ತದೆ, ನಿಜ. ಆದರೆ ಫ್ಲಾಸ್ಕಿನಲ್ಲಿರುವುದು ಬರೀ ನೀರಲ್ಲ, 0.05 ಮೋಲಾರ್ ಸೋಡಿಯಂ ಅಸಿಟೇಟ್. ಅಸಿಟೇಟ್ ಅಯಾನು ಸುಮ್ಮನೆ ಕೂರುವ ಜಾತಿಯದಲ್ಲ; ನೀರಿನಿಂದ ಪ್ರೋಟಾನ್ ಕಿತ್ತುಕೊಂಡು ಹೈಡ್ರಾಕ್ಸೈಡ್ ಬಿಡುತ್ತದೆ. ಲೆಕ್ಕ ಹಾಕಿದರೆ 8.73 ಬರುತ್ತದೆ. ಹೈಡ್ರೋಕ್ಲೋರಿಕ್ ಆಮ್ಲವಾಗಿದ್ದರೆ ಕ್ಲೋರೈಡ್‌ಗೆ ಈ ಚಾಳಿಯಿಲ್ಲ, 7ಕ್ಕೇ ನಿಲ್ಲುತ್ತಿತ್ತು.

ಈಗ ಕೊನೆಯ ಹನಿಗಳನ್ನು ನೋಡಿ. ಒಂದು ಹನಿ ಸುಮಾರು 0.05 ಮಿಲಿ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 24.95ರಿಂದ 25.05 ಮಿಲಿಗೆ ಹೋಗುವಷ್ಟರಲ್ಲಿ, ಎಂದರೆ ಎರಡೇ ಹನಿಗೆ, ಪಿಎಚ್ 4ರಿಂದ 10ಕ್ಕೆ ಹಾರುತ್ತದೆ. ನಿಮ್ಮ ಅಸಿಟಿಕ್ ಆಮ್ಲದಲ್ಲಿ ಅದೇ ಎರಡು ಹನಿಗೆ ಸುಮಾರು 7.5ರಿಂದ 10. ಜಿಗಿತ ಗಿಡ್ಡ, ಅದೂ ಪೂರ್ತಿ 7ರ ಮೇಲೆಯೇ. ಮೀಥೈಲ್ ಆರೆಂಜ್ ಬಣ್ಣ ಬದಲಿಸುವುದು 3.1ರಿಂದ 4.4ರೊಳಗೆ, ಎಂಟು ಮಿಲಿ ಬೀಳುವ ಮೊದಲೇ ಅದು ಹಳದಿಗೆ ತಿರುಗಿ ಕೂತಿರುತ್ತದೆ. ಅದನ್ನು ನಂಬಿ ಬ್ಯುರೆಟ್ ನಿಲ್ಲಿಸಿದರೆ ಆಮ್ಲದ ಮೂರನೇ ಎರಡು ಭಾಗ ಇನ್ನೂ ಹಾಗೇ ಇರುತ್ತದೆ! ನಿಮ್ಮ ಜಿಗಿತದೊಳಗೇ ಬಣ್ಣ ಬದಲಿಸುವ ಫಿನಾಲ್ಫ್ತಲೀನ್ ಹಾಕಿ. (ತಿಳಿಗುಲಾಬಿ ಬಣ್ಣ ಆಮೇಲೆ ನಿಧಾನವಾಗಿ ಮಾಸಿದರೆ ಗಾಬರಿಯಾಗಿ ಮತ್ತೆ ಕ್ಷಾರ ಸುರಿಯಬೇಡಿ, ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗುತ್ತಿರುತ್ತದೆ.)

ಎಲ್ಲರ ಕಣ್ಣೂ ಜಿಗಿತದ ಮೇಲೆಯೇ. ನಾನಂತೂ ಇಂಥ ಗ್ರಾಫ್ ಕೈಗೆ ಬಂದರೆ ಮೊದಲು ನೋಡುವುದು 12.5 ಮಿಲಿಯನ್ನು. ಅಲ್ಲಿ ಅರ್ಧ ಆಮ್ಲ, ಅರ್ಧ ಅಸಿಟೇಟ್. ಆದ್ದರಿಂದ ಪಿಎಚ್ ಆ ಆಮ್ಲದ ಪಿಕೆಎಗೆ (ಆಮ್ಲದ ಬಲ ತೋರಿಸುವ ಸಂಖ್ಯೆ) ಸಮ, 4.76. ಅದರ ಆಚೀಚೆ ರೇಖೆ ಎಷ್ಟು ಸೋಮಾರಿ ಎಂದರೆ 10ರಿಂದ 15 ಮಿಲಿವರೆಗೆ ಐದು ಮಿಲಿ ಸುರಿದರೂ ಏರುವುದು 0.35ರಷ್ಟು. ಬಫರ್ ಎನ್ನುವುದು ಇದಕ್ಕೇ. ಅಲ್ಲಿ ಧಾರಾಳವಾಗಿ ಬಿಡಿ, 24 ದಾಟಿದ ಮೇಲೆ ಹನಿಹನಿಯಾಗಿ.

ನಿಮ್ಮ ಗ್ರಾಫಿನಲ್ಲಿ 12.5ರ ಎದುರು 4.7-4.8 ಇದ್ದರೆ ಮೀಟರ್ ಬಗ್ಗೆ ಚಿಂತೆ ಬಿಡಿ. 5.3 ಎಂದೇನಾದರೂ ಇದ್ದರೆ ಮಾತ್ರ ಪಿಎಚ್ 4 ಮತ್ತು 7ರ ಬಫರ್ ದ್ರಾವಣಗಳಲ್ಲಿ ಅದ್ದಿ ಮೀಟರನ್ನು ಮತ್ತೆ ಹೊಂದಿಸಿಕೊಳ್ಳಿ.