2131ನೇ ಪಂದ್ಯದ ರಾತ್ರಿ ನೀವೆಲ್ಲಿದ್ರಿ ಅಂತ ಕೇಳು

ತಮ್ಮಾ,

ನನ್ನನ್ನು ಅಣ್ಣಾ ಅಂತ ಕರೆದಿದ್ದೀಯ, ಹಾಗಾಗಿ ನಾನೂ ಏಕವಚನದಲ್ಲೇ ಬರೆಯುತ್ತೇನೆ. ಬೇಜಾರಿಲ್ಲ ಅಲ್ವಾ? ಬಾಲ್ಟಿಮೋರ್‌ಗೆ ಬಂದು ಮೂರು ತಿಂಗಳಾಯಿತು, ಕೆಲಸ ಚೆನ್ನಾಗಿದೆ, ಆದರೆ ಊಟದ ಹೊತ್ತಿಗೆ ಆಫೀಸಿನವರೆಲ್ಲ ಬೇಸ್‌ಬಾಲ್ ಮಾತಾಡುತ್ತಾರೆ, ನಾನು ಡಬ್ಬಿ ಮುಂದಿಟ್ಟುಕೊಂಡು ಸುಮ್ನೆ ಕೂರುತ್ತೇನೆ ಅಂತ ಬರೆದಿದ್ದೆ. ಯಾರೂ ಹತ್ತಿರ ಆಗುತ್ತಿಲ್ಲ, ಈ ಆಟ ಕಲಿಯಲೇಬೇಕಾ, ಎಲ್ಲಿಂದ ಶುರು ಮಾಡಲಿ ಅಂತಲೂ ಕೇಳಿದ್ದೆ. ಬಾಡಿಗೆ, ಕ್ರೆಡಿಟ್ ಹಿಸ್ಟರಿ, ಡ್ರೈವಿಂಗ್ ಲೈಸೆನ್ಸ್ ಎಲ್ಲ ಫೋನಿನಲ್ಲಿ ಹೇಳುತ್ತೇನೆ. ಇದನ್ನು ಮಾತ್ರ ಕೂತು ಬರೆಯಬೇಕು ಅನಿಸಿತು.

ಆಟದ ನಿಯಮ ಆಮೇಲೆ ಕಲಿಯೋಣ. ನಿಮ್ಮ ಆಫೀಸಿನಲ್ಲಿ ಇದೇ ಊರಲ್ಲಿ ಹುಟ್ಟಿ ಬೆಳೆದ, ನಲವತ್ತು ದಾಟಿದ ಯಾರಾದರೂ ಇದ್ದೇ ಇರುತ್ತಾರೆ. ಅವರ ಪಕ್ಕದಲ್ಲಿ ಕೂತು ಒಂದೇ ಒಂದು ಪ್ರಶ್ನೆ ಕೇಳು: ಕ್ಯಾಲ್ ರಿಪ್ಕನ್ ದಾಖಲೆ ಮುರಿದ ರಾತ್ರಿ ನೀವೆಲ್ಲಿದ್ರಿ? ರಿಪ್ಕನ್ ಅಂದರೆ ಈ ಊರಿನ ಬೇಸ್‌ಬಾಲ್ ತಂಡ ಒರಿಯೋಲ್ಸ್‌ನಲ್ಲಿ ಆಡಿದವನು.

ನಾನು ಬಸವನಗುಡಿಯಿಂದ ಇಲ್ಲಿಗೆ ಬಂದದ್ದು 1995ರ ಜನವರಿಯಲ್ಲಿ. ಆಗ ಜನಕ್ಕೆ ಬೇಸ್‌ಬಾಲ್ ಅಂದರೆ ಸಿಟ್ಟು. ಹಿಂದಿನ ಆಗಸ್ಟ್‌ನಲ್ಲಿ ಆಟಗಾರರು ಮುಷ್ಕರ ಹೂಡಿ ಸೀಸನ್ ಅರ್ಧಕ್ಕೇ ನಿಂತಿತ್ತು. ಸೀಸನ್ ಕೊನೆಯ ಫೈನಲ್, ವರ್ಲ್ಡ್ ಸೀರೀಸೇ ನಡೆದಿರಲಿಲ್ಲ. ನನ್ನ ಪಕ್ಕದ ಮೇಜಿನಲ್ಲಿ ನನಗಿಂತ ಹತ್ತು ವರ್ಷ ದೊಡ್ಡ ಸಹೋದ್ಯೋಗಿ ಒಬ್ಬರಿದ್ದರು. ಇನ್ನು ಸ್ಟೇಡಿಯಂ ಕಡೆ ತಲೆ ಹಾಕಲ್ಲ ಅಂತ ಅವರು ಶಪಥ ಮಾಡಿದ್ದರು. ಏಪ್ರಿಲ್ ಕೊನೆಗೆ ಆಟ ಮತ್ತೆ ಶುರುವಾಯಿತು. ಜೂನ್ ಹೊತ್ತಿಗೆ ಅವರು ದಿನಾ ಬೆಳಗ್ಗೆ ಪೇಪರಿನಲ್ಲಿ ಒಂದು ಸಂಖ್ಯೆ ಹುಡುಕುತ್ತಿದ್ದರು.

ಆ ಸಂಖ್ಯೆಯ ಕತೆ ಹೀಗಿದೆ. ಹಿಂದೆ ನ್ಯೂಯಾರ್ಕ್ ಯಾಂಕೀಸ್ ತಂಡದಲ್ಲಿ ಲೂ ಗೆರಿಗ್ ಅಂತ ಒಬ್ಬ ಆಟಗಾರ. ಒಂದೂ ಪಂದ್ಯ ತಪ್ಪಿಸದೆ ಸತತ 2130 ಪಂದ್ಯ ಆಡಿದ. 1939ರಲ್ಲಿ ಮೈಯಲ್ಲಿ ಶಕ್ತಿ ಕುಂದಿ ತಾನೇ ಹೊರಗೆ ಕೂತ. ಎರಡು ವರ್ಷಕ್ಕೆ ತೀರಿಕೊಂಡ. ನರಗಳ ಆ ಕಾಯಿಲೆಯನ್ನು ಇಲ್ಲಿ ಇವತ್ತಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ. ಆ 2130 ಯಾರಿಗೂ ಸಿಗದ ಸಂಖ್ಯೆ ಅಂತಲೇ ಎಲ್ಲರೂ ನಂಬಿದ್ದರು. ಇಲ್ಲಿ ಒಂದು ಸೀಸನ್‌ಗೆ 162 ಪಂದ್ಯ, ಅದೂ ಆರು ತಿಂಗಳಲ್ಲಿ. ಹೆಚ್ಚುಕಡಿಮೆ ದಿನಾ ಆಟ. ಊರೂರು ಸುತ್ತಬೇಕು. ಕಾಲು ಉಳುಕಿದರೂ ನಾಳೆ ಮತ್ತೆ ಪಂದ್ಯ.

ನಮ್ಮ ಒರಿಯೋಲ್ಸ್ ತಂಡದ ರಿಪ್ಕನ್ ಇದೇ ಮೇರಿಲ್ಯಾಂಡಿನ ಆಬರ್ಡೀನ್ ಹುಡುಗ. ಅಪ್ಪ ಇದೇ ಸಂಸ್ಥೆಯಲ್ಲಿ ಮೂವತ್ತಾರು ವರ್ಷ ದುಡಿದವರು. ಮಗ ಶಾರ್ಟ್‌ಸ್ಟಾಪ್. ಅಂದರೆ ಎರಡನೇ ಬೇಸ್, ಮೂರನೇ ಬೇಸ್ ನಡುವೆ ನಿಲ್ಲುವವನು (ಬೇಸ್ ಅಂದರೆ ರನ್ನಿಗೆ ಓಡುವವನು ಮುಟ್ಟಬೇಕಾದ ಗುರುತು). ಬಿರುಸಾದ ಚೆಂಡು ಜಾಸ್ತಿ ಬರುವ ಜಾಗ ಅದು. 1982ರ ಮೇ 30ರಂದು ಶುರುವಾದ ಅವನ ಸತತ ಪಂದ್ಯಗಳ ಸಾಲು ಹದಿಮೂರು ವರ್ಷ ಮುರಿಯಲೇ ಇಲ್ಲ. ಪಂದ್ಯದ ಮಾತು ಹಾಗಿರಲಿ, ನಡುವೆ ಸತತ 8,243 ಇನಿಂಗ್ಸ್ ಒಂದನ್ನೂ ಬಿಡದೆ ಮೈದಾನದಲ್ಲಿದ್ದ. ಈ ಕೊನೆಯ ಸಂಖ್ಯೆ ಕೇಳಿದಾಗಲೆಲ್ಲ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ.

1995ರ ಸೆಪ್ಟೆಂಬರ್ 6. ಟಿಕೆಟ್ ಸಿಗುವ ಮಾತೇ ಇರಲಿಲ್ಲ. ಸಹೋದ್ಯೋಗಿ ನನ್ನನ್ನು ಮನೆಗೆ ಕರೆದರು. ನೆಲಮಾಳಿಗೆಯಲ್ಲಿ ಟಿವಿ. ಮುಂದೆ ಒಂದು ಹಳೇ ಕುರ್ಚಿಯಲ್ಲಿ ಅವರ ಅಪ್ಪ. ಸ್ಪ್ಯಾರೋಸ್ ಪಾಯಿಂಟ್ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು. ಮೊಣಕೈವರೆಗೂ ಸಣ್ಣ ಸಣ್ಣ ಸುಟ್ಟ ಕಲೆ. ಮಾತು ಕಡಿಮೆ. ಕಡಲೆಕಾಯಿ ಸುಲಿದು ಸಿಪ್ಪೆಯನ್ನು ಒಂದು ತಗಡಿನ ಡಬ್ಬಿಗೆ ಹಾಕುತ್ತಿದ್ದರು.

ನಾಲ್ಕನೇ ಇನಿಂಗ್ಸ್‌ನಲ್ಲಿ ರಿಪ್ಕನ್ ಹೋಮ್ ರನ್ ಹೊಡೆದ, ಚೆಂಡು ಬೇಲಿಯಾಚೆ, ನಮ್ಮ ಸಿಕ್ಸರ್ ಇದ್ದ ಹಾಗೆ. ಕೂಗಾಟ ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಆದರೆ ಎಲ್ಲರೂ ಕಾಯುತ್ತಿದ್ದದ್ದು ಬೇರೆಯದಕ್ಕೆ. ಪಂದ್ಯ ಒಂಬತ್ತು ಇನಿಂಗ್ಸ್‌ನದು, ಒಂದೊಂದರಲ್ಲೂ ಎರಡೂ ತಂಡ ಬ್ಯಾಟ್ ಮಾಡುತ್ತವೆ. ಐದನೆಯದರಲ್ಲಿ ಎದುರಾಳಿಗಳ ಬ್ಯಾಟಿಂಗ್ ಮುಗಿದಾಗ ಮನೆಯ ತಂಡ ಮುಂದಿದ್ದರೆ, ಆಮೇಲೆ ಮಳೆ ಬಂದು ನಿಂತರೂ ಆ ಪಂದ್ಯ ಲೆಕ್ಕಕ್ಕೆ ಬರುತ್ತದೆ. ಕ್ಯಾಲಿಫೋರ್ನಿಯಾ ಏಂಜಲ್ಸ್‌ನ ಕೊನೆಯ ಬ್ಯಾಟರ್ ಔಟಾದ. ಮೈದಾನದಾಚೆ ಆ ಉದ್ದನೆಯ ಇಟ್ಟಿಗೆ ಗೋದಾಮಿದೆಯಲ್ಲ, ಅದರ ಗೋಡೆ ಮೇಲೆ ಒಂದೊಂದು ಅಂಕಿಗೂ ಒಂದೊಂದು ದೊಡ್ಡ ಬಟ್ಟೆ. 2130ರ ಸೊನ್ನೆ ಹೋಗಿ ಒಂದು ಬಂತು.

ಆಟ 22 ನಿಮಿಷ ನಿಂತಿತು. ರಿಪ್ಕನ್ ಹೊರಗೆ ಬಂದು ಟೋಪಿ ತೆಗೆದು ಒಳಗೆ ಹೋದ. ಮತ್ತೆ ಬಂದ. ಚಪ್ಪಾಳೆ ನಿಲ್ಲಲಿಲ್ಲ. ಕೊನೆಗೆ ಜೊತೆ ಆಟಗಾರರಿಬ್ಬರು, ಬೊನಿಯಾ ಮತ್ತು ಪಲ್ಮೇರೊ, ಅವನನ್ನು ಕೈಯಿಂದ ದೂಡಿದರು. ಅವನು ಇಡೀ ಮೈದಾನದ ಅಂಚಿನಲ್ಲೇ ಸುತ್ತು ಬಂದ. ಬೇಲಿಯಾಚೆ ಚಾಚಿದ ಕೈಗಳನ್ನು ಹಿಡಿಯುತ್ತಾ, ಪೊಲೀಸರಿಗೆ, ಮೈದಾನ ನೋಡಿಕೊಳ್ಳುವವರಿಗೆ, ಎದುರಾಳಿ ಆಟಗಾರರಿಗೆ ಕೈ ಕೊಡುತ್ತಾ. ಮೇಲಿನ ಬಾಕ್ಸ್‌ನಲ್ಲಿದ್ದ ಅಪ್ಪನ ಕಡೆ ನೋಡಿ ಕೈ ಎತ್ತಿದ.

ನಾನು ತಿರುಗಿ ನೋಡಿದೆ. ಕುರ್ಚಿ ಖಾಲಿ ಇತ್ತು. ಆ ಮುದುಕರು ಎದ್ದು ನಿಂತಿದ್ದರು. ನೆಲಮಾಳಿಗೆಯಲ್ಲಿ, ಟಿವಿ ಮುಂದೆ. ಆಟ ಮತ್ತೆ ಶುರುವಾಗುವವರೆಗೂ ಕೂರಲೇ ಇಲ್ಲ. ಆಮೇಲೆ ನನ್ನ ಕಡೆ ನೋಡಿ, "ದಿನಾ ಕೆಲಸಕ್ಕೆ ಬಂದ" ಅಂದರು. ಇಡೀ ರಾತ್ರಿಯಲ್ಲಿ ಅವರು ನನ್ನ ಜೊತೆ ಆಡಿದ್ದು ಅಷ್ಟೇ ಮಾತು. ಈ ಊರು ಯಾಕೆ ಅವನನ್ನು ಇಷ್ಟು ಹಚ್ಚಿಕೊಂಡಿದೆ ಅಂತ ಆಗ ನನಗೆ ಅರ್ಥವಾಯಿತು. ಇದು ಉಕ್ಕಿನ, ಬಂದರಿನ, ರೈಲಿನ ಊರು. ಶಿಫ್ಟ್ ತಪ್ಪಿಸದವರ ಊರು.

ಅಲ್ಲಿಂದ ಸಿಕ್ಕವರನ್ನೆಲ್ಲ ಅದೇ ಪ್ರಶ್ನೆ ಕೇಳುತ್ತಾ ಬಂದಿದ್ದೇನೆ. ನಮ್ಮ ಬೀದಿಯ ಅಜ್ಜಿಯೊಬ್ಬರು ಆವತ್ತು ಸ್ಟೇಡಿಯಂನಲ್ಲೇ ಇದ್ದರು. ಹೋಮ್ ರನ್ ಅವರಿಗೆ ಸರಿಯಾಗಿ ನೆನಪಿಲ್ಲ. ಪಕ್ಕದ ಸೀಟಿನ ಗುರುತಿಲ್ಲದ ಗಂಡಸು ಅಳುತ್ತಿದ್ದದ್ದು ನೆನಪಿದೆ. ನರ್ಸ್ ಒಬ್ಬರಿಗೆ ನೈಟ್ ಡ್ಯೂಟಿ. ಒಂದು ಕೋಣೆಯಲ್ಲಿ ಶುರುವಾದ ಚಪ್ಪಾಳೆ ಕಾರಿಡಾರಿನ ಕೊನೆಯ ಕೋಣೆವರೆಗೂ ಹೋಯಿತಂತೆ. ಬಸ್ ಓಡಿಸುತ್ತಿದ್ದವರೊಬ್ಬರು ರೇಡಿಯೋ ಜೋರು ಮಾಡಿ, ಸ್ಟಾಪ್‌ನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರಂತೆ. ಒಬ್ಬರೂ ಹೊರಡಿ ಅನ್ನಲಿಲ್ಲವಂತೆ.

ಹೀಗೆ ಕೇಳಿದ ಮೇಲೆ ಜನ ನಿನ್ನ ಊರಿನದನ್ನೂ ಕೇಳುತ್ತಾರೆ, ನೋಡು. 2002ರಲ್ಲಿ ಆಂಟಿಗಾದಲ್ಲಿ ನಮ್ಮ ಕುಂಬ್ಳೆ ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು ಬೌಲಿಂಗ್ ಮಾಡಿ ಲಾರಾನ ವಿಕೆಟ್ ತೆಗೆದರಲ್ಲ, ಅದನ್ನು ಮರುದಿನ ಇದೇ ಸಹೋದ್ಯೋಗಿಗೆ ಹೇಳಿದೆ. ಎಲ್‌ಬಿಡಬ್ಲ್ಯು ಅಂದರೇನು ಅಂತ ಕಾಗದದ ಮೇಲೆ ಬರೆದು ತೋರಿಸಬೇಕಾಯಿತು. ಅವರು ಕಾಫಿ ಆರಿಸಿಕೊಂಡು ಪೂರ್ತಿ ಕೇಳಿದರು. ಸಂಜೆ ಮನೆಗೆ ಹೋಗಿ ಅಪ್ಪನಿಗೂ ಹೇಳಿದರಂತೆ.

ಒಂದು ವಿಷಯ ನಿನಗೆ ಗೊತ್ತಿರಲಿ. ರಿಪ್ಕನ್‌ಗೆ ನಡುನಡುವೆ ವಿಶ್ರಾಂತಿ ಕೊಟ್ಟಿದ್ದರೆ ಬ್ಯಾಟಿಂಗ್ ಇನ್ನೂ ಚೆನ್ನಾಗಿರುತ್ತಿತ್ತು, ತಂಡಕ್ಕಿಂತ ಸಾಲೇ ಹೆಚ್ಚಾಯಿತು ಅನ್ನುವವರೂ ಇದ್ದಾರೆ. ಆ ವಾದಕ್ಕೆ ನೀನು ಈಗಲೇ ಇಳಿಯಬೇಡ. ನನ್ನನ್ನು ಕೇಳಿದರೆ, 3,184 ಹಿಟ್ (ಚೆಂಡು ಹೊಡೆದು ಬೇಸ್ ತಲುಪಿದ್ದು), 431 ಹೋಮ್ ರನ್ ಮಾಡಿದವನ ಬಗ್ಗೆ ಆ ಮಾತು ನ್ಯಾಯವಲ್ಲ.

ಇನ್ನೊಂದು ದಿನವನ್ನೂ ಕೇಳು: 1998ರ ಸೆಪ್ಟೆಂಬರ್ 20. ನನಗೆ ಅದು 2131ಕ್ಕಿಂತ ಪ್ರಿಯ. ಸಾಲು 2632ಕ್ಕೆ ಬಂದಿತ್ತು. ಗಾಯ ಇಲ್ಲ, ಯಾರೂ ತೆಗೆದುಹಾಕಿರಲಿಲ್ಲ. ಇವತ್ತು ಬೇಡ ಅಂತ ರಿಪ್ಕನ್ ತಾನೇ ಮ್ಯಾನೇಜರ್‌ಗೆ ಹೇಳಿದ. ಅವನ ಜಾಗದಲ್ಲಿ ಹೊಸ ಹುಡುಗ ರಯನ್ ಮೈನರ್ ಇಳಿದ. ಎದುರಿಗಿದ್ದದ್ದು ಯಾಂಕೀಸ್, ಗೆರಿಗ್‌ನದೇ ತಂಡ. ವಿಷಯ ತಿಳಿದ ಕೂಡಲೇ ಅವರೆಲ್ಲ ಡಗ್‌ಔಟಿನ, ಅಂದರೆ ಆಟಗಾರರು ಕೂರುವ ಜಾಗದ, ಮೆಟ್ಟಿಲಿಗೆ ಬಂದು ಚಪ್ಪಾಳೆ ತಟ್ಟಿದರು. ಉಕ್ಕಿನ ಕಾರ್ಖಾನೆಯ ಆ ಹಿರಿಯರು ಅಷ್ಟರಲ್ಲಿ ಹಾಸಿಗೆ ಹಿಡಿದಿದ್ದರು. ಮಗ ಈ ಸುದ್ದಿ ಹೇಳಿದಾಗ, "ಸರಿ, ಸಾಕು" ಅಂದರಂತೆ.

ಇನ್ನು ಕೆಲವೇ ವಾರಕ್ಕೆ ಸೀಸನ್ ಶುರು. ಒರಿಯೋಲ್ಸ್ ಸ್ಟೇಡಿಯಂ ಕ್ಯಾಮ್ಡನ್ ಯಾರ್ಡ್ಸ್‌ಗೆ ಕಾರು ತರಬೇಡ, ಲೈಟ್ ರೈಲಿನಲ್ಲಿ ಬಾ, ಸ್ಟೇಡಿಯಂ ಪಕ್ಕದಲ್ಲೇ ಇಳಿಸುತ್ತದೆ. ಗೋದಾಮಿನ ಪಕ್ಕದ ಯೂಟಾ ಸ್ಟ್ರೀಟಿನಲ್ಲಿ ನಡೆಯುವಾಗ ನೆಲ ನೋಡಿಕೊಂಡು ನಡೆ. ಹೋಮ್ ರನ್ ಚೆಂಡು ಬಿದ್ದ ಕಡೆಯೆಲ್ಲ ಹಿತ್ತಾಳೆಯ ಸಣ್ಣ ಚೆಂಡು ಹುದುಗಿಸಿದ್ದಾರೆ. ರಾಷ್ಟ್ರಗೀತೆಯ ನಡುವೆ ಜನ ಒಮ್ಮೆಲೇ 'ಓ!' ಅಂತ ಕೂಗುತ್ತಾರೆ, ಗಾಬರಿಯಾಗಬೇಡ. ಅದು ಒರಿಯೋಲ್ಸ್‌ನ ಓ.

ಮೂರು ಟಿಕೆಟ್ ತೆಗೆದಿಡುತ್ತೇನೆ. ನನ್ನ ಸಹೋದ್ಯೋಗಿಯೂ ಬರುತ್ತಾರೆ. ಈಗ ಅವರೂ ರಿಟೈರ್ ಆಗಿದ್ದಾರೆ, ಸಾಕಷ್ಟು ಹೊತ್ತಿದೆ. ಆ ಪ್ರಶ್ನೆಯನ್ನು ಅವರಿಗೇ ಕೇಳು. ಅಪ್ಪ ಕುರ್ಚಿಯಿಂದ ಎದ್ದದ್ದನ್ನು ಅವರು ನನಗಿಂತ ಚೆನ್ನಾಗಿ ಹೇಳುತ್ತಾರೆ. ರಾತ್ರಿ ಚಳಿ ಇರುತ್ತದೆ, ಜಾಕೆಟ್ ಹಾಕಿಕೊಂಡು ಬಾ.