ಟೋಸ್ಟ್‌ಮಾಸ್ಟರ್ಸ್ ಭಾಷಣ ಸ್ಪರ್ಧೆ: ಕನ್ನಡ ಮಾಧ್ಯಮದವರು ಸೇರಬಹುದೇ?

ಪ್ರಶ್ನೆ: "ಕನ್ನಡ ಮಾಧ್ಯಮದಲ್ಲಿ ಓದಿ ಈಗ ಬೆಂಗಳೂರಿನ ಐಟಿ ಕಂಪನಿಯಲ್ಲಿದ್ದೇನೆ. ಆಫೀಸಿನ ಟೋಸ್ಟ್‌ಮಾಸ್ಟರ್ಸ್ ಕ್ಲಬ್‌ಗೆ ಸೇರು, ಮೆಂಟರ್ ಕೊಡ್ತೀವಿ, ಮುಂದೆ ಸ್ಪರ್ಧೆಗೂ ನಿಲ್ಲಬಹುದು ಅಂತ ಒತ್ತಾಯ ಮಾಡ್ತಿದ್ದಾರೆ. ಇಂಗ್ಲಿಷ್ ಅಂದ್ರೆ ಇನ್ನೂ ಭಯ. ಸೇರಲಾ?"

ಸೇರಿ. ಟೋಸ್ಟ್‌ಮಾಸ್ಟರ್ಸ್ ಅಂದರೆ ನಾಲ್ಕು ಜನರ ಮುಂದೆ ನಿಂತು ಮಾತಾಡುವುದನ್ನು ಅಭ್ಯಾಸ ಮಾಡುವ ಕ್ಲಬ್. ಮೆಂಟರ್, ಅಂದರೆ ತಿದ್ದಿ ದಾರಿ ತೋರಿಸುವ ಹಳೆಯ ಸದಸ್ಯರು, ಒಳ್ಳೆಯವರು ಸಿಕ್ಕರೆ ಸ್ಪರ್ಧೆಗೂ ನಿಲ್ಲಿ. ಸಿಗದಿದ್ದರೆ ಮೊದಲು ಮೆಂಟರ್ ಬದಲಾಯಿಸಿಕೊಳ್ಳಿ, ಸ್ಪರ್ಧೆಯ ಮಾತು ಆಮೇಲೆ. ಇದು ಸ್ಪರ್ಧೆಯ ಎರಡನೇ ಸುತ್ತಾದ ಏರಿಯಾ ಮಟ್ಟದಲ್ಲಿ ಡಿಸ್‌ಕ್ವಾಲಿಫೈ ಆಗಿ ಮನೆಗೆ ಬಂದವನ ಸಲಹೆ, ಅಷ್ಟು ನೆನಪಿಟ್ಟುಕೊಂಡು ಓದಿ.

ನಾನು ಹಿರಿಯೂರು ಕಡೆಯವನು. ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮಾಧ್ಯಮ. ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಕ್ಲೈಂಟ್ ಕಾಲ್‌ನಲ್ಲಿ ಉತ್ತರ ಗೊತ್ತಿದ್ದರೂ ಮ್ಯೂಟ್ ತೆಗೆಯುವ ಧೈರ್ಯವಿರಲಿಲ್ಲ. ಪಕ್ಕದ ಸೀಟಿನವನಿಗೆ ಚಾಟ್‌ನಲ್ಲಿ ಬರೆದು ಕಳಿಸುತ್ತಿದ್ದೆ. ಅವನು ಅದನ್ನೇ ಓದಿ ಶಹಬ್ಬಾಸ್ ಅನ್ನಿಸಿಕೊಳ್ಳುತ್ತಿದ್ದ. ಎರಡು ವರ್ಷ ಹೀಗೇ ನಡೆಯಿತು. 2017ರಲ್ಲಿ ಕ್ಲಬ್ ಸೇರಿದ್ದು ಈ ಹೊಟ್ಟೆಯುರಿಯಿಂದಲೇ.

ಮೊದಲ ಭಾಷಣಕ್ಕೆ ಐಸ್ ಬ್ರೇಕರ್ ಅಂತಾರೆ. ನಿಮ್ಮ ಬಗ್ಗೆ ನೀವೇ 4ರಿಂದ 6 ನಿಮಿಷ ಮಾತಾಡಬೇಕು. ನನ್ನದು ಎರಡೂವರೆ ನಿಮಿಷಕ್ಕೆ ಮುಗಿಯಿತು. ಕನಿಷ್ಠ ಸಮಯ ಮುಟ್ಟಿದಿರಿ ಅಂತ ಟೈಮರ್ ಹಸಿರು ಕಾರ್ಡ್ ಎತ್ತುವ ಭಾಗ್ಯವೇ ಬರಲಿಲ್ಲ. 'ಆ', 'ಊಂ' ಎಣಿಸಲು ಒಬ್ಬರು ಕೂತಿರುತ್ತಾರೆ, 'ಆ-ಕೌಂಟರ್' ಅಂತ ಅವರ ಹೆಸರು. ಅಷ್ಟು ಚಿಕ್ಕ ಭಾಷಣದಲ್ಲಿ 19 ಸಲ 'ಆಕ್ಚುಅಲಿ' ಅಂದಿದ್ದೀರಿ ಅಂತ ಅವರು ಓದಿ ಹೇಳಿದರು. ಆದರೆ ಯಾರೂ ನಗಲಿಲ್ಲ, ಚಪ್ಪಾಳೆ ತಟ್ಟಿದರು. ಅದು ಅಲ್ಲಿನ ರೂಢಿ. ಎಷ್ಟು ಕೆಟ್ಟದಾಗಿ ಮಾತಾಡಿದರೂ ಚಪ್ಪಾಳೆ ಸಿಗುತ್ತದೆ. ಮೊದಲ ಮೂರು ತಿಂಗಳು ಇದು ಅಮೃತ, ಆಮೇಲೆ ಸ್ವಲ್ಪ ವಿಷ. ಮೊದಲು ಹೊಗಳು, ನಡುವೆ ತಿದ್ದು, ಕೊನೆಗೆ ಮತ್ತೆ ಹೊಗಳು ಅನ್ನುವ ಧಾಟಿಯ ವಿಮರ್ಶೆ ಕೇಳಿ ಕೇಳಿ, ನಡುವಿನ ಮಾತು ಕಿವಿಗೇ ಬೀಳದಂತಾಗುತ್ತದೆ.

ಮೆಂಟರ್ ಬೇಕಾಗುವುದು ಇಲ್ಲಿ. ಹೊಸಬರಿಗೆ ಯಾರು ಮೆಂಟರ್ ಅಂತ ನೋಡಿಕೊಳ್ಳುವುದು ಸಾಮಾನ್ಯವಾಗಿ ಕ್ಲಬ್‌ನ ವೈಸ್ ಪ್ರೆಸಿಡೆಂಟ್ ಎಜುಕೇಷನ್ ಅನ್ನುವ ಪದಾಧಿಕಾರಿ. ನನಗೆ ಸಿಕ್ಕಿದವರು ಫೈನಾನ್ಸ್ ವಿಭಾಗದ ಒಬ್ಬ ಮೇಡಂ, ಧಾರವಾಡದವರು, ನನಗಿಂತ ಹದಿನೈದು ವರ್ಷ ದೊಡ್ಡವರು. (1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ರಾಲ್ಫ್ ಸ್ಮೆಡ್ಲಿ ಟೋಸ್ಟ್‌ಮಾಸ್ಟರ್ಸ್ ಶುರುಮಾಡಿದ್ದು ವೈಎಂಸಿಎ ಅನ್ನುವ ಯುವಕರ ಸಂಸ್ಥೆಗೆ ಬರುವ ಗಂಡಸರಿಗಾಗಿ. ಹೆಂಗಸರಿಗೆ ಅಧಿಕೃತವಾಗಿ ಬಾಗಿಲು ತೆರೆದದ್ದು 1973ರಲ್ಲಿ. ಈ ಮೇಡಂ ನನ್ನನ್ನು ಹುರಿದು ಮುಕ್ಕುವಾಗೆಲ್ಲ ಈ ಇತಿಹಾಸ ನೆನಪಾಗುತ್ತಿತ್ತು.)

ನಾನು ಹೇಳುತ್ತಿರುವ ಸ್ಪರ್ಧೆ ಇಂಟರ್‌ನ್ಯಾಷನಲ್ ಸ್ಪೀಚ್ ಕಾಂಟೆಸ್ಟ್. ಕ್ಲಬ್ ಸೇರಿದ ತಿಂಗಳೇ ಅದಕ್ಕೆ ನಿಲ್ಲಲಾಗದು. ಪಾಥ್‌ವೇಸ್ ಅನ್ನುವ ಅವರ ಪಠ್ಯಕ್ರಮದ ಮೊದಲ ಎರಡು ಹಂತ ಮುಗಿಸಿರಬೇಕು. ನಾನು ಅದನ್ನು ಮುಗಿಸಿ 'ಲೀಡರ್‌ಶಿಪ್' ಅಂತ ಒಂದು ಭಾಷಣ ಬರೆದುಕೊಂಡು ಹೋದೆ. ಅಬ್ದುಲ್ ಕಲಾಂ ಇದ್ದರು, ಹದ್ದು ಇತ್ತು, ಬಿರುಗಾಳಿ ಇತ್ತು. ಮೇಡಂ ಪೂರ್ತಿ ಓದಿ ಹಾಳೆ ಮಡಚಿಟ್ಟರು.

"ತಮ್ಮಾ, ಛಲೋ ಅದ. ಆದ್ರ ಇದನ್ನ ಯಾರು ಬೇಕಾದವರು ಹೇಳಬಹುದು. ನಿಂದು ಇದ್ರಾಗ ಏನದ?"

ನನ್ನದು ಅಂತ ಏನೂ ಇರಲಿಲ್ಲ. ನಿಮ್ಮಪ್ಪ ಏನ್ ಮಾಡ್ತಾರ ಅಂತ ಕೇಳಿದರು. ಪಂಚರ್ ಅಂಗಡಿ ಅಂದೆ. ಆಫೀಸಿನಲ್ಲಿ ಅಲ್ಲಿಯವರೆಗೆ 'ಬಿಸಿನೆಸ್' ಅಂತ ಹೇಳಿಕೊಂಡಿದ್ದೆ. ಹಂಗಾದ್ರ ಅದನ್ನ ಹೇಳು ಅಂದರು. ಕ್ಯಾಂಟೀನಿನ ಮೂಲೆಯಲ್ಲಿ ಕೂತು ಹೇಳಿದೆ: ಟ್ಯೂಬಿಗೆ ಗಾಳಿ ತುಂಬಿ ನೀರಲ್ಲಿ ಅದ್ದಿ, ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹೋಗಬೇಕು, ಗುಳ್ಳೆ ಎದ್ದ ಕಡೆ ತೂತು. ಒಂದು ಸಿಕ್ಕಿತು ಅಂತ ನಿಲ್ಲಿಸಬಾರದು, ಇಡೀ ಸುತ್ತು ಮುಗಿಸಬೇಕು. ಸೊಲ್ಯೂಷನ್ ಹಚ್ಚಿದ ಮೇಲೆ ಒಣಗಲು ಬಿಡಬೇಕು, ಹಸಿಯಲ್ಲೇ ಪ್ಯಾಚ್ ಒತ್ತಿದರೆ ಊರ ಬಾಗಿಲು ದಾಟುವಷ್ಟರಲ್ಲಿ ಬಿಚ್ಚಿಕೊಳ್ಳುತ್ತದೆ. ನಾನು ಕಂಪನಿಯಲ್ಲಿ ಮಾಡುತ್ತಿರುವುದೂ ಇದೇ ಕೆಲಸ ಅನ್ನುವುದು ಹೇಳುತ್ತಾ ಹೇಳುತ್ತಾ ನನಗೇ ಹೊಳೆಯಿತು.

ಆಮೇಲೆ ಐದು ವಾರ, ಪ್ರತಿ ಮಂಗಳವಾರ ಊಟ ಮುಗಿಸಿ ಕೂರುತ್ತಿದ್ದೆವು. ಅವರ ಕೈಯಲ್ಲಿ ಕೆಂಪು ಪೆನ್ನು, ಮೇಜಿನ ಮೇಲೆ ಫೋನಿನ ಸ್ಟಾಪ್‌ವಾಚ್.

"ಈ ಸಾಲು ತಗದ್ರ ಏನಾಗತದ?"

"ಏನೂ ಆಗಲ್ಲ ಮೇಡಂ."

"ಮತ್ತ?"

ಗೀಟು. ಹೀಗೆ ಒಂಬತ್ತು ನಿಮಿಷದ ಭಾಷಣ ಆರೂಕಾಲಿಗೆ ಇಳಿಯಿತು. ವೇದಿಕೆಗೆ ಟ್ಯೂಬ್ ಹಿಡಿದುಕೊಂಡು ಹೋಗಲಾ ಅಂತ ಕೇಳಿದೆ. 2014ರಲ್ಲಿ ಕೌಲಾಲಂಪುರದಲ್ಲಿ ಇದೇ ಸ್ಪರ್ಧೆಯ ವಿಶ್ವ ಚಾಂಪಿಯನ್ ಆದ ಶ್ರೀಲಂಕಾದ ಧನಂಜಯ ಹೆಟ್ಟಿಆರಚ್ಚಿ ಗುಲಾಬಿ ಹಿಡಿದು ಮಾತಾಡಿದ ವಿಡಿಯೋ ನೋಡಿದ ಮೇಲೆ ನಮ್ಮಲ್ಲಿ ಎಲ್ಲರಿಗೂ ಕೈಯಲ್ಲಿ ಏನಾದರೊಂದು ಬೇಕೇ ಬೇಕು. ಒಬ್ಬರು ತೆಂಗಿನಕಾಯಿ ತಂದಿದ್ದನ್ನೂ ನೋಡಿದ್ದೇನೆ, ಕೊನೆವರೆಗೂ ಒಡೆಯಲಿಲ್ಲ. "ಟ್ಯೂಬು ಮನ್ಯಾಗ ಇಟ್ಟು ಬಾ. ಮಂದಿ ಕಣ್ಣಾಗ ಕಾಣೂಹಂಗ ಹೇಳು" ಅಂದರು ಮೇಡಂ.

ನಿಮ್ಮ ಇಂಗ್ಲಿಷ್ ಭಯದ ವಿಷಯ. ನನಗಿದ್ದ ಅದೇ ಭಯ ಹೋಗಿದ್ದು ಅಂಕಪಟ್ಟಿ ನೋಡಿದ ದಿನ. ಮೇಡಂ ತೀರ್ಪುಗಾರರ ತರಬೇತಿ ಪಡೆದಿದ್ದರು, ಖಾಲಿ ಫಾರಂ ತೋರಿಸಿದರು. ನಾನು ನಿಂತ ವರ್ಷ 100ರಲ್ಲಿ ವಿಷಯಕ್ಕೆ 50, ಮಂಡನೆಗೆ 30, ಭಾಷೆಗೆ 20. ಆ 20ರಲ್ಲೂ ವ್ಯಾಕರಣ, ಉಚ್ಚಾರಕ್ಕೆ ಸೇರಿ 10 ಮಾತ್ರ. ನಾನು ರಾತ್ರಿಯೆಲ್ಲ ಅಮೆರಿಕನ್ನರಂತೆ 'ರ್' ಹೊರಳಿಸಲು ಒದ್ದಾಡುತ್ತಿದ್ದದ್ದು ಹೆಚ್ಚೆಂದರೆ ಈ ಹತ್ತಂಕದ ಒಂದು ಚೂರಿಗಾಗಿ. ಅವತ್ತೇ ಬಿಟ್ಟೆ. ಅಂದಹಾಗೆ ಕ್ಲಬ್ ಇಂಗ್ಲಿಷಿನಲ್ಲೇ ನಡೆಯಬೇಕು ಅಂತೇನೂ ನಿಯಮವಿಲ್ಲ. ನಮ್ಮದರಲ್ಲಿ ತಿಂಗಳಿಗೊಂದು ಸಭೆ ಕನ್ನಡದಲ್ಲಿ ಮಾಡುತ್ತಿದ್ದೆವು. ಇಂಗ್ಲಿಷಿನಲ್ಲಿ ಹುಲಿಗಳಂತಿದ್ದ ಇಬ್ಬರು ಅಲ್ಲಿ ಬೆವರಿದ್ದನ್ನು ನೋಡಿ ನನಗೆ ಆದ ಸಂತೋಷ ಸಣ್ಣತನದ್ದೇ, ಒಪ್ಪಿಕೊಳ್ಳುತ್ತೇನೆ.

ಕ್ಲಬ್ ಮಟ್ಟದಲ್ಲಿ ಗೆದ್ದೆ. ಕ್ಲಬ್ ಆದಮೇಲೆ ಏರಿಯಾ, ಡಿವಿಷನ್, ಡಿಸ್ಟ್ರಿಕ್ಟ್, ಅದರ ಮೇಲೂ ಸುತ್ತುಗಳಿವೆ. ನಾನು ಬಿದ್ದದ್ದು ಏರಿಯಾದಲ್ಲಿ. ಭಾಷಣ 5ರಿಂದ 7 ನಿಮಿಷ, ಆಚೀಚೆ ಅರ್ಧ ನಿಮಿಷ ರಿಯಾಯಿತಿ. ನಾಲ್ಕೂವರೆಗಿಂತ ಕಡಿಮೆಯಾದರೂ ಏಳೂವರೆ ದಾಟಿದರೂ ಔಟ್. ಅವತ್ತು ಜನ ನಾನು ಎಣಿಸದ ಜಾಗದಲ್ಲೆಲ್ಲ ನಕ್ಕರು. ನಗು ನಿಲ್ಲುವವರೆಗೆ ಕಾಯಬೇಕಲ್ಲ, ಅದೂ ಗಡಿಯಾರದಲ್ಲಿ ಓಡುತ್ತದೆ. ಖುಷಿಯಲ್ಲಿ, ಏಳು ನಿಮಿಷ ಆಯಿತು ಅನ್ನುವ ಕೆಂಪು ಕಾರ್ಡ್ ಕಂಡರೂ, ಕ್ಯಾಂಟೀನಿನಲ್ಲಿ ಮೇಡಂ ಗೀಟು ಹಾಕಿದ್ದ ಒಂದು ಕಥೆಯನ್ನು ಮತ್ತೆ ಹೊರಗೆಳೆದೆ. ಫಲಿತಾಂಶ ಹೇಳುವ ಮೊದಲು, ಸಮಯ ಮೀರಿದ ಒಬ್ಬರಿದ್ದಾರೆ ಅಂದರು. ಹೆಸರು ಹೇಳುವುದಿಲ್ಲ, ಆದರೆ ಆ ಒಬ್ಬನಿಗೆ ತಾನೇ ಅಂತ ಗೊತ್ತಿರುತ್ತದೆ. ಸ್ನೇಹಿತನ ವಿಡಿಯೋದಲ್ಲಿ ಅಳೆದೆ: 7 ನಿಮಿಷ 38 ಸೆಕೆಂಡ್. ಎಂಟು ಸೆಕೆಂಡ್! ಮೇಡಂ ಬೈಯಲಿಲ್ಲ. "ಗೀಟು ನಂದು, ನಾಲಿಗಿ ನಿಂದು" ಅಂದು ಚಹಾ ಕುಡಿಸಿದರು.

ಆ ವಿಡಿಯೋ ಅಪ್ಪನಿಗೂ ತೋರಿಸಿದೆ. ಇಂಗ್ಲಿಷ್ ಬಾರದಿದ್ದರೂ ಪೂರ್ತಿ ನೋಡಿದರು. ಕೊನೆಗೆ ಕೇಳಿದ್ದು ಒಂದೇ: "ಅದೇನೋ ಬಕೆಟ್ ಬಕೆಟ್ ಅಂತೀಯಲ್ಲ, ನಮ್ಮಂಗಡೀಲಿ ಬಕೆಟ್ ಎಲ್ಲಿತ್ತು? ಬಾಂಡ್ಲಿ ಅಲ್ವೇನೋ?"

ಇನ್ನು ವ್ಯವಹಾರದ ಮಾತು. ಶುಲ್ಕ ಡಾಲರ್ ಲೆಕ್ಕದಲ್ಲಿ, ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಕಟ್ಟಬೇಕು. ನಾನು ಸೇರಿದಾಗ ಆರು ತಿಂಗಳಿಗೆ 45 ಇತ್ತು, 2023ರಲ್ಲಿ 60 ಆಯಿತು. ಕೆಲವು ಕಂಪನಿಗಳು ತಾವೇ ಭರಿಸುತ್ತವೆ, ಎಚ್‌ಆರ್‌ಗೆ ಕೇಳಿ ನೋಡಿ. ದುಡ್ಡು ಕಟ್ಟುವ ಮೊದಲು ಎರಡು ಸಭೆಗೆ ಅತಿಥಿಯಾಗಿ ಹೋಗಿ ಹಿಂದಿನ ಸಾಲಲ್ಲಿ ಕೂರಿ. ಯಾರು ಚೆನ್ನಾಗಿ ಮಾತಾಡುತ್ತಾರೆ ಅಂತ ನೋಡುವುದಕ್ಕಿಂತ, ಬೇರೆಯವರ ಭಾಷಣವನ್ನು ವಿಮರ್ಶೆ ಮಾಡುವಾಗ ಯಾರು ಒಂದು ನಿರ್ದಿಷ್ಟ ಸಾಲು ಹಿಡಿದು 'ಇದು ಯಾಕೆ?' ಅಂತ ಕೇಳುತ್ತಾರೆ ಗಮನಿಸಿ. ಸಭೆ ಮುಗಿದ ಮೇಲೆ ಅವರ ಹತ್ತಿರವೇ ಹೋಗಿ, ನನಗೆ ಮೆಂಟರ್ ಆಗ್ತೀರಾ ಅಂತ ಕೇಳಿ. ಕನ್ನಡದಲ್ಲೇ ಕೇಳಬಹುದು.